ಕ್ಲೈವ್ ತುಂಬಿಟ್ಟ ಕೊನೆಯ ಪೀಪಾಯಿ

ಜುಲೈ 14, ಭಾನುವಾರ. ಲಾನ್ಸೆಸ್ಟನ್.

ಗ್ಯಾರೇಜಿನ ಫ್ರಿಜ್ಜಿನ ನಲ್ಲಿಯಿಂದ ಇವತ್ತೂ ಬಿಯರ್ ನೂಲಿನಂತೆ ಬಂತು. ಒಂದು ಲೋಟ ತುಂಬುವಷ್ಟರಲ್ಲಿ ಇಲ್ಲಿನ ಜುಲೈ ಚಳಿಗೆ ಕಾಲು ಮರಗಟ್ಟಿತು. ಫ್ರಿಜ್ಜಿನೊಳಗಿರುವುದು ಸಾಯುವ ಮುಂಚೆ ಕ್ಲೈವ್ ತಾನೇ ಕುದಿಸಿ ತುಂಬಿಟ್ಟ ಪೀಪಾಯಿ. ಅವನ ಕೈಯಲ್ಲಿ ಆದದ್ದು ಇನ್ನು ಉಳಿದಿರುವುದು ಅದೊಂದೇ.

ಪಕ್ಕದ ಮನೆಯ ಡ್ಯಾರಿಲ್ ಬಂದು ಬಿಯರನ್ನು ನಲ್ಲಿಗೆ ತಳ್ಳುವ ಗ್ಯಾಸ್ ನೋಡಿದ, ಪೈಪು ಮಡಚಿದೆಯೇ ಎಂದು ತಡವಿದ. ಎಲ್ಲ ಸರಿಯಿತ್ತು. ಪೀಪಾಯಿ ಬಿಚ್ಚಿ ಒಳಗಿನ ಕೊಳವೆ ಎಳೆದರೆ, ಅದರ ಬಾಯಿಗೆ ಬಿಯರಿಗೆ ಕಹಿ, ಘಮ ಬರಲೆಂದು ಹಾಕುವ ನಮ್ಮ ಹಿತ್ತಲ ಬೇಲಿಯ ಹಾಪ್ಸ್ ಹೂವಿನ ಎಸಳುಗಳು ಮೆತ್ತಿಕೊಂಡಿದ್ದವು.

“ನಿನ್ನ ಗಂಡನದೇ ಕೆಲಸ ಕಣಮ್ಮ! ಹೂವನ್ನ ಚೀಲದಲ್ಲಿ ಕಟ್ಟಿ ಹಾಕೋ ಮಾರಾಯ ಅಂತ ಎಷ್ಟು ಬಡ್ಕೊಂಡೆ, ಕೇಳಿದ್ನಾ?”

“ನನ್ನ ಮಾತೇ ಕೇಳ್ತಿರಲಿಲ್ಲ, ಇನ್ನು ನಿನ್ನದು ಕೇಳ್ತಾನಾ!”

ಇಬ್ಬರೂ ನಕ್ಕೆವು. ಆಮೇಲೆ ಆ ಎಸಳಿನ ವಾಸನೆ ಮೂಗಿಗೆ ಬಡಿಯಿತು. ಹಿಂದಿನಿಂದ ಬಂದು ನನ್ನ ಕಣ್ಣು ಮುಚ್ಚುತ್ತಿದ್ದ ಅವನ ಅಂಗೈಗೆ ಇದೇ ವಾಸನೆ. ಗಕ್ಕನೆ ತಿರುಗಿದೆ. ಹಿಂದೆ ಯಾರೂ ಇರಲಿಲ್ಲ.

ಡ್ಯಾರಿಲ್ ಕೊಳವೆ ತೊಳೆದು ಜೋಡಿಸಿ ಹೋದ. ಬಿಯರ್ ಭರ್ರನೆ ಬರತೊಡಗಿತು. ಹೀಗಾದರೆ ಈ ವಾರವೇ ಖಾಲಿ.

ಅವನು ಅತ್ತ ಹೋದಮೇಲೆ ಸಿಂಕಿನಲ್ಲಿದ್ದ ಎಸಳುಗಳನ್ನು ಬಾಚಿ ತಂದು, ಕೊಳವೆ ಎಳೆದು, ಅದರ ಬಾಯಿಗೆ ಮತ್ತೆ ಮೆತ್ತಿದೆ. ಈಗಷ್ಟೇ ನಲ್ಲಿ ತಿರುಗಿಸಿ ನೋಡಿ ಬಂದೆ. ನೂಲಿನಂತೆಯೇ ಬರುತ್ತಿದೆ.

ಅವಸರವೇನಿಲ್ಲ, ಕ್ಲೈವ್.