ಬೇಕರಿ ಆಂಟಿಯ ಸ್ವೆಟರಿನ ಕುತ್ತಿಗೆ

ಅಕ್ಕಾ,

ಒಂದಾನೊಂದು ಊರಿನಲ್ಲಿ ಅಕ್ಕ ತಂಗಿ ಇದ್ದರು. ತಂಗಿ ಟಿವಿ ನೋಡುತ್ತಾ ಸ್ವೆಟರ್ ಹೆಣೆಯುತ್ತಿದ್ದಳು. ಅಕ್ಕ ಅದನ್ನು ಮಾರಿ, ಬೀದಿಗೆಲ್ಲ "ನಾನೇ ಹೆಣೆದೆ" ಎಂದು ಹೇಳಿಕೊಂಡು ಬರುತ್ತಿದ್ದಳು. ತಂಗಿ ಮುಖ ಊದಿಸಿಕೊಂಡರೆ, "ಬಿಡೇ, ಮುಂದಿನ ಸಲ ನಿನ್ನ ಹೆಸರೇ ಹೇಳ್ತೀನಿ, ಆಣೆ" ಎನ್ನುತ್ತಿದ್ದಳು.

ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೋ. ಬೆಕ್ಕಿಗೆ ಹಾಲು ಹಾಕಿಯಾಗಿದೆ. ಅದು ಎಷ್ಟೇ ನಾಟಕವಾಡಿದರೂ ಮತ್ತೆ ಹಾಕಬೇಡ.

ಬೆಳಿಗ್ಗೆ ಬೇಕರಿ ಆಂಟಿ ಬಂದಿದ್ದರು. ಸಂಜೆ ಸ್ವೆಟರ್ ಒಯ್ಯಲು ಅತ್ತೆ, ನಾದಿನಿಯರನ್ನೆಲ್ಲ ಕರೆದುಕೊಂಡು ಬರುತ್ತಾರಂತೆ. "ನಿಮ್ಮಕ್ಕ ಹೆಣೆಯೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಕಣಮ್ಮ" ಎಂದರು.

"ಧಾರಾಳವಾಗಿ ಬನ್ನಿ ಆಂಟಿ. ಜನ ಸೇರಿದಷ್ಟೂ ಅವಳಿಗೆ ಹುರುಪು" ಎಂದಳು ತಂಗಿ.

ಸ್ವೆಟರ್ ನಿನ್ನ ಮಂಚದ ಮೇಲಿದೆ. ಕುತ್ತಿಗೆಯೊಂದು ಬಾಕಿ. ಕುಣಿಕೆಗಳನ್ನು ಮುಚ್ಚದೆ ಕಡ್ಡಿಯ ಮೇಲೇ ಬಿಟ್ಟಿದೆ. ಕಡ್ಡಿ ಜಾರಿದರೆ ಅಷ್ಟೂ ಹೆಣಿಗೆ ಬಿಚ್ಚಿಕೊಳ್ಳುತ್ತದೆ, ಹುಷಾರು. ತಂಗಿಗೆ ಫೋನ್ ಮಾಡಬೇಡ. ಅವಳು ಸಿನಿಮಾಗೆ ಹೋಗಿದ್ದಾಳೆ.

ಕತೆಯ ಕೊನೆಯನ್ನೂ ಬರೆದಿಟ್ಟೇ ಹೋಗುತ್ತೇನೆ. ಅಕ್ಕ ಕಡ್ಡಿಯನ್ನು ಅತ್ತ ಇತ್ತ ತಿರುಗಿಸಿದಳು. ಆಮೇಲೆ ಕೈನೋವು ಎಂದಳು. "ನಿಧಾನಕ್ಕೆ ಮಾಡು, ನಮಗೇನವಸರ" ಎಂದು ಬೇಕರಿ ಆಂಟಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ನಾದಿನಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಅಕ್ಕ, ಎಲ್ಲರೆದುರು ತಲೆ ತಗ್ಗಿಸಿ, ತಂಗಿಯ ಹೆಸರು ಹೇಳಿದಳು.