ಬಸ್ಸಿಲ್ಲದ ದಿನ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ನಾವಿಬ್ಬರೂ ಕ್ಷೇಮ. ನೀನೂ ಹೊತ್ತುಹೊತ್ತಿಗೆ ಊಟ ಮಾಡಿಕೊಂಡು ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಮನೆ ಸೇರಿದ ಕೂಡಲೇ ಬರೆಯುತ್ತೇನೆ ಎಂದು ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದವಳು ಇಷ್ಟು ದಿನ ಸುಮ್ಮನಿದ್ದುಬಿಟ್ಟೆ. ಬೈದುಕೊಂಡಿರುತ್ತೀಯ, ಬೈದುಕೋ. ಬಂದ ಮಾರನೆಯ ದಿನವೇ ಒಂದು ಇಡೀ ಬಸ್ಸಿನ ಸೀಟುಗಳಿಗೆ ಹೊಸ ಕವರು ಹೊಲಿಯುವ ಕೆಲಸ ಬಂದು ಕೂತಿತು, ಮಷೀನಿನ ಮುಂದಿನಿಂದ ಏಳಲಾಗಲಿಲ್ಲ. ಅದು ನೆಪ ಅನ್ನು. ನಿಜವಾಗಿ, ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಾವ ಪಕ್ಕದಲ್ಲಿ ಕೂತು "ಸಿಗ್ನಲ್ ಇಲ್ಲ ಅನ್ಸುತ್ತೆ, ಜೋರಾಗಿ ಮಾತಾಡೇ" ಅನ್ನುತ್ತಾರೆ.

ನಮ್ಮನ್ನು ಕಳಿಸಲು ನಿಲ್ದಾಣಕ್ಕೆ ಬಂದಾಗ ನೀನು ನನ್ನ ಮುಖ ನೋಡಿದೆ, ಅವರ ಮುಖ ನೋಡಿದೆ, "ನೀರಿನ ಬಾಟ್ಲು ಇಟ್ಕೊಂಡ್ರಾ ಅತ್ತೆ?" ಅಂದೆ. ನೀನು ಕೇಳಬೇಕೆಂದಿದ್ದು ನೀರಿನ ವಿಷಯವಲ್ಲ ಎಂದು ನನಗೆ ಗೊತ್ತಿತ್ತು. ಮಾವ ಹೂಂ ಅನ್ನದೆ ಬೆಟ್ಟದ ವೀಕ್ಷಣಾಲಯದ ಆ ದುರ್ಬೀನಿನವನನ್ನು ಮದುವೆಯಾಗುವುದಿಲ್ಲ ಎಂದು ನೀನು ಹಟ ಹಿಡಿದಿದ್ದೀಯ. ಅವರೋ, ಹೂಂ ಅಂದವರಲ್ಲ, ಉಹೂಂ ಅಂದವರೂ ಅಲ್ಲ. ಮಗ ತೀರಿಕೊಂಡ ಮೇಲೆ ನೀನು ಇನ್ನೊಂದು ಮನೆ ಕಟ್ಟಿಕೊಳ್ಳಬೇಕು ಎಂದು ಸಿಕ್ಕಸಿಕ್ಕವರ ಹತ್ತಿರವೆಲ್ಲ ಹೇಳುತ್ತಾರೆ. ಆದರೆ ಈ ಹುಡುಗನ ಮಾತು ಬಂದರೆ ಮಾತ್ರ ಎದ್ದು ಹೋಗಿ ಸ್ಕೂಟರು ಒರೆಸುತ್ತಾರೆ. ನಿನ್ನ ಗಂಡನ ಗೆಳೆಯ, ನಮ್ಮ ಮನೆಯ ಮೂಲೆಯಲ್ಲಿ ನಿಂತು ನಮಗಿಂತ ಹೆಚ್ಚು ಅತ್ತವನು. ಹೊರಗಿನವನಾಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ ಅವರಿಗೆ. ನಮ್ಮ ಸ್ಕೂಟರು ಈಗ ಹೊಸದರ ಹಾಗೆ ಹೊಳೆಯುತ್ತಿದೆ.

ಇರಲಿ, ಮೊದಲಿನಿಂದ ಹೇಳುತ್ತೇನೆ.

ನೀನು ನಮಗಾಗಿ ಮೂರು ದಿನದ ಪ್ರವಾಸ ಯೋಜಿಸಿ ಬರೆದು ಕಳಿಸಿದೆಯಲ್ಲ, ಮೊದಲ ದಿನ ಪಟ್ಟಣ, ಎರಡನೆಯ ದಿನ ಬೆಟ್ಟದ ಮೇಲಿನ ವೀಕ್ಷಣಾಲಯ, ಮೂರನೆಯ ದಿನ ನದಿ ಕಡಲು ಸೇರುವ ಜಾಗ, ಅದನ್ನು ನಿನ್ನ ಮಾವ ಚಾಳೀಸು ಹಾಕಿಕೊಂಡು ಎರಡು ಸಲ ಓದಿದರು. ಓದಿ ತಲೆ ಅಲ್ಲಾಡಿಸಿದರು.

"ಈ ಹುಡುಗಿಗೆ ಪ್ಲಾನ್ ಮಾಡೋಕೆ ಬರಲ್ಲ ಕಣೇ. ಗಾಡಿ ಎಲ್ಲಿ ನಿಲ್ಸೋದು ಅಂತಾನೇ ಬರೆದಿಲ್ಲ!"

"ಯಾವ ಗಾಡಿ? ರಿಟೈರ್ ಆಗಿ ವರ್ಷವಾಯ್ತು. ನಾವು ಕಾಲಲ್ಲಿ ನಡೆಯೋರು," ಅಂದೆ.

ಕೇಳಿದರೆ ತಾನೆ? ಒಂದು ವಾರ ಕೂತು ಇಡೀ ಪ್ರವಾಸವನ್ನು ತಮ್ಮ ಲೆಕ್ಕದಲ್ಲಿ ಮತ್ತೆ ಹೊಂದಿಸಿದರು. ಯಾವ ಜಾಗದಲ್ಲಿ ಮಧ್ಯಾಹ್ನ ನೆರಳು ಬೀಳುತ್ತದೆ, ಎಲ್ಲಿ ನಲ್ಲಿಯಿದೆ, ಎಲ್ಲಿ ಚಕ್ರ ಮರಳಲ್ಲಿ ಹೂತುಹೋಗುತ್ತದೆ, ಎಲ್ಲಿ ಬಸ್ಸಿನ ಮೂತಿ ಇಳಿಜಾರಿನ ಕಡೆಗಿಟ್ಟು ನಿಲ್ಲಿಸಬೇಕು. ಮೂವತ್ತು ವರ್ಷ ಪ್ರವಾಸಿ ಬಸ್ಸು ಓಡಿಸಿದ ಮನುಷ್ಯ! ಆ ಪಟ್ಟಣಕ್ಕೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಇಳಿಸಿದ್ದಾರೆ, ತಾವು ಮಾತ್ರ ಒಂದು ಸಲವೂ ಇಳಿದು ಏನನ್ನೂ ನೋಡಿಲ್ಲ. ಡ್ರೈವರ್ ಆದವನು ಗಾಡಿ ಬಿಟ್ಟು ಹೋಗಬಾರದು, ಅದು ಅವರ ನೇಮ. ನನ್ನ ಮಗನೂ ಅದೇ ಕೆಲಸಕ್ಕೆ ಸೇರಿದ, ಆದರೆ ಅವನು ಬಸ್ಸಿಗೆ ಬೀಗ ಹಾಕಿ ಎಲ್ಲವನ್ನೂ ನೋಡಲು ಓಡುವವನು. "ಅಪ್ಪ, ಅರ್ಧ ಗಂಟೆ ಯಾರೂ ಬಸ್ಸು ಎತ್ಕೊಂಡು ಹೋಗಲ್ಲ ಬಾ" ಅನ್ನುತ್ತಿದ್ದನಂತೆ. ಇವರು ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಮಲಗುತ್ತಿದ್ದರಂತೆ.

ಬೆಟ್ಟದ ವಿಷಯಕ್ಕೆ ಬಂದಾಗ ಹೇಳಿದರು: "ಬೆಟ್ಟದ ಬುಡಕ್ಕೆ ಹೋಗೋಣ. ಮೇಲಕ್ಕೆ ಬೇಡ."

"ಬುಡದಲ್ಲಿ ಏನಿದೆ ನೋಡೋಕೆ?"

"ನಾವಿಬ್ರೂ ಊಟ ಮಾಡ್ತಿದ್ದ ಜಾಗ ಇದೆ."

ನಾವಿಬ್ಬರೂ ಅಂದರೆ ಅವರು ಮತ್ತು ಮಗ. ಆ ದಿನ ನೀನು ಜೊತೆಗೆ ಬರುವುದು ಬೇಡ ಎಂದೂ ಅವರೇ ಅಂದರು. ನೀನು ಎದುರಿಗಿದ್ದರೆ ಮುಲಾಜಿಗೆ ಸಿಕ್ಕಿ ಏನಾದರೂ ಅಂದುಬಿಟ್ಟೇನು ಎಂಬ ಹೆದರಿಕೆ. ನಿನಗೆ ಬೇಜಾರಾಗಿತ್ತು, ಗೊತ್ತು.

ನಿನ್ನೂರಿಗೆ ಬರುವಾಗ ಬಸ್ಸಿನಲ್ಲಿ ಅವರ ಪಾಡು ನೀನು ನೋಡಬೇಕಿತ್ತು. ಪ್ರಯಾಣಿಕರ ಸೀಟಿನಲ್ಲಿ ಕೂತು ಪ್ರತಿ ತಿರುವಿನಲ್ಲೂ ಬಲಗಾಲಿನಿಂದ ನೆಲ ಒತ್ತುವುದು! ಇಲ್ಲದ ಬ್ರೇಕು ಒತ್ತಿ ಒತ್ತಿ ಇಳಿಯುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತ್ತು.

ಮೊದಲ ದಿನ ಆ ದೊಡ್ಡ ಗುಮ್ಮಟದ ಕಟ್ಟಡಕ್ಕೆ ಹೋದೆವಲ್ಲ, ನೀನು ಸಂಜೆ ಕೇಳಿದಾಗ "ಚೆನ್ನಾಗಿತ್ತು" ಅಂತಷ್ಟೇ ಹೇಳಿದರು. ಆದದ್ದು ಅಷ್ಟಲ್ಲ. ಇಷ್ಟು ವರ್ಷವೂ ಅವರು ನೋಡಿದ್ದು ಅದರ ಹಿಂಗೋಡೆ, ಆ ಗೋಡೆಯ ಮೇಲಿನ ತುಕ್ಕು ಹಿಡಿದ ಕೊಳವೆ. ಗೋದಾಮಿನಂಥದ್ದು ಏನೋ, ಜನ ಯಾಕೆ ಸಾಲುಗಟ್ಟುತ್ತಾರೋ ಎಂದುಕೊಂಡಿದ್ದರಂತೆ. ಒಳಗೆ ಕಾಲಿಟ್ಟವರು ಕತ್ತೆತ್ತಿದರು, ಎತ್ತಿದ ಕತ್ತು ಇಳಿಯಲಿಲ್ಲ. ಬಾಯಿ ತೆರೆದೇ ಇತ್ತು. "ಒಂದು ಕಂಬ ಇಲ್ಲ ಕಣೇ, ಯಾವುದು ಹೊತ್ಕೊಂಡಿದೆ ಇದನ್ನ?" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಗೋಡೆಯ ಹತ್ತಿರ ನಿಂತವರಿಗೆ ಕೇಳುತ್ತದೆ ಎಂದು ಕಾವಲುಗಾರ ಹೇಳಿಕೊಟ್ಟ. ನಾನು ಈ ತುದಿಯಲ್ಲಿ ನಿಂತೆ, ಅವರು ಆ ತುದಿಗೆ ಹೋದರು, ಚುಕ್ಕೆಯಷ್ಟು ಕಾಣುತ್ತಿದ್ದರು. ಇದ್ದಕ್ಕಿದ್ದ ಹಾಗೆ ನನ್ನ ಕಿವಿಯೊಳಗೇ ಅವರ ದನಿ ಬಂತು: "ಕಾಲು ನೋಯ್ತಿದೆಯೇನೇ?" ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅಷ್ಟು ದೂರ ನಿಂತರೇ ಕೇಳಲು ಸಾಧ್ಯ ಅನ್ನಿಸುತ್ತದೆ ಅವರಿಗೆ!

ಇನ್ನು ಎರಡನೆಯ ದಿನ. ನೀನು ಕಾಯುತ್ತಿರುವುದು ಇದಕ್ಕೇ.

ಬೆಟ್ಟದ ಬುಡದ ನಿಲುಗಡೆಯಲ್ಲಿ ಒಂದು ಹಳೆಯ ಮರವಿದೆ, ಅದರ ಕೆಳಗೆ ಸಿಮೆಂಟಿನ ಕಟ್ಟೆ. ಅಲ್ಲಿ ಕೂರಿಸಿದರು. "ಅವನು ಈ ಕಡೆ, ನಾನು ಈ ಕಡೆ. ಬಿಸಿಲು ಜರುಗಿದ ಹಾಗೆ ನಾವೂ ಜರುಗ್ತಿದ್ವಿ," ಅಂದರು. ನಾವೂ ಬುತ್ತಿ ಬಿಚ್ಚಿ ಉಂಡೆವು, ಮಗನ ಜಾಗ ಖಾಲಿ ಬಿಟ್ಟುಕೊಂಡು. ಮೇಲೆ ವೀಕ್ಷಣಾಲಯದ ಬಿಳಿಯ ಗೋಳ ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಬಸ್ಸು ಬಂದು ಜನ ಇಳಿದು ಗಲಾಟೆ ಮಾಡುತ್ತ ಮೆಟ್ಟಿಲು ಹತ್ತಿದರು. ಇವರು ಆ ಬಸ್ಸಿನ ಟೈರಿಗೆ ಕಲ್ಲು ಕೊಟ್ಟಿಲ್ಲ ಎಂದು ಆ ಡ್ರೈವರನಿಗೆ ಬುದ್ಧಿ ಹೇಳಿ ಬಂದು ಕೂತರು.

ಆಗ ಮೆಟ್ಟಿಲಿಳಿದು ನಿನ್ನ ದುರ್ಬೀನಿನವನು ಬಂದ, ಕೈಯಲ್ಲಿ ಚಹಾದ ಕೆಟಲ್ಲು. ಕೆಳಗೆ ಕಾಯುವ ಡ್ರೈವರುಗಳಿಗೆ ಚಹಾ ತಂದು ಕೊಡುವವನು ಆ ಪಟ್ಟಣದಲ್ಲೆಲ್ಲ ಅವನೊಬ್ಬನೇ ಅಂತೆ, ಇದನ್ನು ನಿನ್ನ ಮಾವನೇ ಆಮೇಲೆ ಒಪ್ಪಿಕೊಂಡರು. ನಮ್ಮನ್ನು ನೋಡಿ ಅವನ ಮುಖ ಬಿಳುಚಿಕೊಂಡಿತು. ಬಂದವನು ಮದುವೆಯ ಮಾತೂ ಎತ್ತಲಿಲ್ಲ, ನಿನ್ನ ಮಾತೂ ಎತ್ತಲಿಲ್ಲ. ನನಗೊಂದು ಲೋಟ, ಅವರಿಗೊಂದು ಲೋಟ ಕೊಟ್ಟು, ಯಾವಾಗಲೂ ಕೇಳುತ್ತಿದ್ದ ಹಾಗೆ ಕೇಳಿದ: "ಮೇಲೆ ಬರ್ತೀರಾ ಸಾರ್, ಒಂದ್ಸಲ ನೋಡಿ ಹೋಗಿ?"

"ಗಾಡಿ ಬಿಟ್ಟು..." ಎಂದು ಬಾಯಿ ತೆರೆದರು ನಿನ್ನ ಮಾವ. ಅಷ್ಟಕ್ಕೇ ನಿಲ್ಲಿಸಿದರು.

ಅವನು ಮೆಲ್ಲಗೆ ಅಂದ, "ಇವತ್ತು ಗಾಡಿ ಇಲ್ವಲ್ಲ ಸಾರ್."

ಮಗಳೇ, ಅವರು ಹಿಂದಕ್ಕೆ ತಿರುಗಿ ನೋಡಿದರು. ನಿಜವಾಗಿ ನೋಡಿದರು, ಬಸ್ಸು ಅಲ್ಲೇ ಇದೆಯೇನೋ ಎಂಬಂತೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಹತ್ತತೊಡಗಿದರು. ನಾನು ಬುತ್ತಿ ಕಟ್ಟಿಕೊಳ್ಳುವುದನ್ನೂ ಮರೆತು ಹಿಂದೆ ಓಡಿದೆ.

ಮೇಲೆ ಆ ಗೋಳದ ಕೋಣೆಯಲ್ಲಿ ಎಣ್ಣೆಯ ವಾಸನೆ, ತಣ್ಣನೆ ಕತ್ತಲು. ನಡುವೆ ಆನೆಯಂಥ ದುರ್ಬೀನು. ಅವನು ಅದಕ್ಕೆ ಕಪ್ಪು ಗಾಜು ಹಾಕಿ, "ಬರೀ ಕಣ್ಣಲ್ಲಿ ಯಾವತ್ತೂ ನೋಡಬಾರದು, ಇದರಲ್ಲಿ ಪರವಾಗಿಲ್ಲ" ಎಂದು ನಿನ್ನ ಮಾವನನ್ನು ಮುಂದೆ ನಿಲ್ಲಿಸಿದ. ಅವರು ಬಗ್ಗಿದರು. ಬಗ್ಗಿದವರು ಉಸಿರೇ ಬಿಡಲಿಲ್ಲ.

"ಇದು... ನಮ್ಮ ಸೂರ್ಯಾನೇ?"

"ಹೂಂ ಸಾರ್. ಆ ಕಪ್ಪು ಮಚ್ಚೆಗಳು ಕಾಣ್ತಿವೆಯಾ? ಒಂದೊಂದೂ ನಮ್ಮ ಭೂಮಿಗಿಂತ ದೊಡ್ಡದು."

"ಸುಮ್ನಿರಪ್ಪ," ಅಂದರು. ಆಮೇಲೆ ತಮಗೆ ತಾವೇ, "ಇದರ ಕೆಳಗೆ ಇಷ್ಟು ವರ್ಷ ಟವೆಲ್ ಹೊದ್ಕೊಂಡು ಮಲಗಿದ್ನಲ್ಲ ನಾನು," ಅಂದರು. ನಗುತ್ತಿದ್ದರೋ ಅಳುತ್ತಿದ್ದರೋ ಕತ್ತಲಲ್ಲಿ ತಿಳಿಯಲಿಲ್ಲ. ದಿನಾ ಬಟ್ಟೆ ಒಣಗಿಸುವ ಬಿಸಿಲು ಎಲ್ಲಿಂದ ಬರುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಆಮೇಲೆ ಅವನು ಮೂಲೆಯಲ್ಲಿದ್ದ ಒಂದು ಸಣ್ಣ ಹಳೆಯ ದುರ್ಬೀನಿನ ಮೇಲಿನ ಬಟ್ಟೆ ತೆಗೆದ. "ಇದು ನಿಮ್ಮ ಮಗನ ದುರ್ಬೀನು ಸಾರ್. ದೊಡ್ಡದರ ಹತ್ರ ಜನ ತುಂಬಿದಾಗ ಇದರಲ್ಲಿ ನೋಡ್ತಿದ್ದ. ಪಕ್ಕದಲ್ಲಿ ಈ ತಿರುಪು ಇದೆಯಲ್ಲ, ಇದನ್ನ ಒಬ್ಬೊಬ್ರೂ ಅವರವರ ಕಣ್ಣಿಗೆ ತಿರುಗಿಸಿಕೊಳ್ಬೇಕು. ಇಲ್ಲದಿದ್ರೆ ಎಲ್ಲಾ ಮಂಜು ಮಂಜು. ಅವನು ಕೊನೇಸಲ ಬಿಟ್ಟುಹೋದಾಗ ಹೇಗಿತ್ತೋ ಹಾಗೇ ಇದೆ. ನಾನು ಮುಟ್ಟಿಲ್ಲ."

ಅದಕ್ಕೂ ಕಪ್ಪು ಗಾಜು ಹಾಕಿ, ತಿರುಪು ಮುಟ್ಟದೆಯೇ ಅದನ್ನು ಸೂರ್ಯನ ಕಡೆ ಹೊರಳಿಸಿ ಕೊಟ್ಟ. ನಿನ್ನ ಮಾವ ಕಣ್ಣಿಟ್ಟರು.

"ತಿರುಗಿಸ್ಕೊಳ್ಳಿ ಸಾರ್, ಪರವಾಗಿಲ್ಲ."

"ಬೇಡ," ಅಂದರು. "ತಿರುಗಿಸೋದೇ ಬೇಡ ಕಣಯ್ಯ. ಗಾಜಿನ ಹಾಗೆ ತಿಳಿಯಾಗಿ ಕಾಣ್ತಿದೆ."

ಅಪ್ಪನದೂ ಮಗನದೂ ಒಂದೇ ಕಣ್ಣು! ಸ್ವಲ್ಪ ಹೊತ್ತಿನ ಮೇಲೆ ಅವರು ಗಾಬರಿಯಿಂದ, "ಏಯ್, ಸರೀತಿದೆ, ಹೋಗ್ತಿದೆ ಅದು!" ಅಂದರು.

"ಸೂರ್ಯ ಅಲ್ಲ ಸಾರ್ ಸರೀತಿರೋದು, ನಾವು. ಭೂಮಿ ಓಡ್ತಿದೆ."

"ಅಂದ್ರೆ ಈಗ ನಾವು ಗಾಡಿ ಮೇಲೇ ಇದೀವಿ?"

"ಹೂಂ ಸಾರ್."

"ಯಾರು ಓಡಿಸ್ತಿದಾರೆ?"

"ಗೊತ್ತಿಲ್ಲ ಸಾರ್. ಬ್ರೇಕ್ ಹಾಕಿದ್ದಂತೂ ನಾನು ನೋಡಿಲ್ಲ."

ನಾನು ಕೆಳಗೆ ನೋಡಿದೆ. ಅವರ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು. ಮೆಲ್ಲಮೆಲ್ಲಗೆ ಅದನ್ನು ಸಡಿಲ ಬಿಟ್ಟರು.

ಕೆಳಗಿಳಿದು ಬಂದ ಮೇಲೆ, ಮರದ ಹತ್ತಿರ ನಿಂತು, ಆ ಹುಡುಗನ ಮುಖ ನೋಡದೆ ಕೇಳಿದರು: "ಮದುವೆ ದಿನಕ್ಕೆ ಬಸ್ಸು ಯಾರಿಗೆ ಹೇಳಿದೀಯ?"

ಅವನು ತಬ್ಬಿಬ್ಬಾದ. "ಇನ್ನೂ ಯಾರಿಗೂ ಹೇಳಿಲ್ಲ ಸಾರ್."

"ಹೇಳ್ಬೇಡ. ನಾನು ಓಡಿಸ್ತೀನಿ. ಅವಳಿಗೆ ನಾನೇ ತಿಳಿಸ್ತೀನಿ, ಅಲ್ಲೀತನಕ ನೀನು ಬಾಯಿ ಬಿಡ್ಬೇಡ."

ಬಿಟ್ಟಿಲ್ಲವಲ್ಲ? ನಿಲ್ದಾಣದಲ್ಲಿ ನಿನ್ನ ಮುಖ ನೋಡಿಯೇ ನನಗೆ ಗೊತ್ತಾಯಿತು. ಪಾಪ, ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಹೇಗಿದ್ದಾನೋ, ಅವನಿಗೆ ಬೈಯಬೇಡ. ತಪ್ಪು ನಿನ್ನ ಮಾವನದು. ಮೂರನೆಯ ದಿನ ನದಿ ಕಡಲು ಸೇರುವಲ್ಲಿ ನಿನಗೆ ಹೇಳಬೇಕೆಂದೇ ನಿನ್ನ ಪಕ್ಕದಲ್ಲಿ ಬಂದು ನಿಂತರು, ಬಾಯಿ ತೆರೆದರು, ಮರಳಲ್ಲಿ ಚಕ್ರ ಹೂತರೆ ಏನು ಮಾಡಬೇಕು ಎಂದು ವಿವರಿಸಿ ಸುಮ್ಮನಾದರು. ನೀನೂ ತಲೆ ಅಲ್ಲಾಡಿಸಿದೆ! ಮನೆಗೆ ಬಂದ ಮೇಲೆ, "ನೀನೇ ಬರಿ, ನಿನಗೆ ಅಕ್ಷರ ಚೆನ್ನಾಗಿದೆ" ಅಂದರು.

ಹಾಗಾಗಿ ಬರೆದಿದ್ದೇನೆ. ಅವರು ಹೂಂ ಅಂದಿದ್ದಾರೆ, ಮಗಳೇ. ನಾನು ಅವರಿಗಿಂತ ಮೊದಲೇ ಅಂದಿದ್ದೆ. ಒಳ್ಳೆಯ ದಿನ ನೋಡಿ ತಿಳಿಸಿ. ಆ ದಿನ ಬಸ್ಸಿನ ಸೀಟುಗಳಿಗೆಲ್ಲ ನಾನೇ ಹೊಸ ಕವರು ಹೊಲಿದು ಹಾಕುತ್ತೇನೆ, ಯಾವ ಬಣ್ಣ ಬೇಕೋ ಹೇಳು. ನಿಮ್ಮಿಬ್ಬರ ಮನೆಯಲ್ಲಿ ನಗು ತುಂಬಿರಲಿ. ನೀನು ಯಾರ ಸೊಸೆಯಾದರೂ ನನ್ನ ಮಗಳೇ, ನಾನು ಎಂದೆಂದೂ

ನಿನ್ನ
ಅತ್ತೆ

ಮರೆತಿದ್ದೆ: ಮರೆತಿದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಮಾವ ಆ ಸಣ್ಣ ದುರ್ಬೀನಿನಲ್ಲಿ ನೋಡಿ ಮುಖ ಒರೆಸಿಕೊಳ್ಳಲು ಹೊರಗೆ ಹೋದಾಗ ನಾನೂ ಕಣ್ಣಿಟ್ಟೆ. ನನಗೆ ಮಂಜು ಬಿಟ್ಟು ಏನೂ ಕಾಣಲಿಲ್ಲ. ಹೊಲಿದು ಹೊಲಿದು ಸೋತ ಕಣ್ಣು ನನ್ನದು, ಅವನು ಕಣ್ಣು ಪಡೆದದ್ದು ಅಪ್ಪನಿಂದ. "ತಿರುಗಿಸ್ಕೊಳ್ಳಿ ಅಮ್ಮ," ಅಂದ ಹುಡುಗ. ತಿರುಪಿನ ಮೇಲೆ ಬೆರಳಿಟ್ಟೆ. ನನ್ನ ಮಗನ ಬೆರಳು ಕೊನೆಗೆ ಬಿಟ್ಟ ಜಾಗ ಅದು, ಈ ಲೋಕದಲ್ಲಿ ಅವನು ಇಟ್ಟಂತೆಯೇ ಇದ್ದದ್ದು ಅದೊಂದೇ. ತಿರುಗಿಸಿದರೆ ಹೋಯಿತು, ತಿರುಗಿಸದಿದ್ದರೆ ಅವನು ಅಷ್ಟು ಸಲ ಓಡಿ ಹೋಗಿ ನೋಡಿದ್ದು ಏನೆಂದು ನನಗೆ ಎಂದೂ ತಿಳಿಯುವುದಿಲ್ಲ. ಆ ಹುಡುಗ ಬೇರೆ ಕಡೆ ಮುಖ ಮಾಡಿ ನಿಂತ. ನಾನು ತಿರುಗಿಸಿದೆ, ಮಗಳೇ. ಕಂಡಿತು. ಅಷ್ಟು ದೊಡ್ಡದು, ಅಷ್ಟು ಸದ್ದಿಲ್ಲದ್ದು.

ನಿನ್ನ ಮಾವನಿಗೆ ಹೇಳಿಲ್ಲ. ಮಗ ಬಿಟ್ಟಂತೆಯೇ ಇದೆ, ಮದುವೆಯ ದಿನ ಇನ್ನೊಮ್ಮೆ ಅವನ ಕಣ್ಣಲ್ಲೇ ನೋಡಿ ಬರುತ್ತೇನೆ ಎಂದು ದಿನಾ ಹೇಳುತ್ತಿದ್ದಾರೆ. ಅವತ್ತು ಮೊದಲು ನೀನು ಹೋಗಿ ನಿನ್ನ ಕಣ್ಣಿಗೆ ತಿರುಗಿಸಿಕೊಂಡು ನೋಡು, ಹೆದರಬೇಡ. ಆಮೇಲೆ ಅವರನ್ನು ನಿಲ್ಲಿಸಿ, ಅವರ ಕಣ್ಣಿಗೆ ಸರಿಹೋಗುವ ತನಕ ನೀವಿಬ್ಬರೂ ಮೆಲ್ಲಗೆ ತಿರುಗಿಸಿ ಕೊಡಿ. ಆ ತಿರುಪು ಮತ್ತೆ ಅವನು ಬಿಟ್ಟ ಜಾಗಕ್ಕೇ ಬಂದು ನಿಲ್ಲುತ್ತದೆ.