ಮಳೆಗಿಂತ ಮೊದಲು ಊಟ

ಫೆಬ್ರವರಿ 25, ಭಾನುವಾರ
ಮಳೆ: ಬೆಳಿಗ್ಗೆ 6.20ರಿಂದ. ಇನ್ನೂ ನಿಂತಿಲ್ಲ.

ಹದಿನಾಲ್ಕು ಬೆಡ್‌ಶೀಟ್ ಮನೆಯೊಳಗೇ ಹಗ್ಗದ ಮೇಲೆ. ಎಲ್ಲೆಲ್ಲೂ ಮುಗ್ಗಲು ವಾಸನೆ. ಗೆಸ್ಟ್‌ಹೌಸಿನವರಿಗೆ ಮತ್ತೆ ನಾಳೆ ಎಂದೆ. ಬೋಗೋರಿನಂಥ ಮಳೆಯೂರಲ್ಲಿ ಬಟ್ಟೆ ಒಗೆದು ಬದುಕುವವಳಿಗೆ ಫೆಬ್ರವರಿ ಎಂದರೆ ಮಲತಾಯಿ.

ಜಕಾರ್ತಾದಿಂದ ಬೀಗಿತಿ ರತ್ಮಿ ಬಂದಿದ್ದರು. ನನ್ನ ಮಗಳು ರಿಂರಿನ್ ಮದುವೆ ಅವರೂರಿನ ಎ.ಸಿ. ಹಾಲ್‌ನಲ್ಲೇ ಆಗಬೇಕಂತೆ. ಛತ್ರಿ ಕೊಡವುತ್ತಾ ಹೇಳಿದರು — "ನಿಮ್ಮೂರಲ್ಲಿ ಅಂಗಳದ ಮದುವೆ ಅಂದ್ರೆ ನೆಂಟರಿಗೆ ಅನ್ನದ ಬದಲು ಮಳೆನೀರಿನ ಗಂಜೀನೇ ಗತಿ, ಬೀಗರೇ." ಎಲ್ಲರೂ ನಕ್ಕರು. ನನ್ನ ಗಂಡ ಜಾಜಾತ್ ಎಲ್ಲರಿಗಿಂತ ಜೋರಾಗಿ.

ಮೈ ಉರಿದುಹೋಯಿತು. ಇರುವವಳು ಒಬ್ಬಳೇ ಮಗಳು. ಮೊದಲ ಹೆಜ್ಜೆ ಇಟ್ಟದ್ದು ಈ ಅಂಗಳದಲ್ಲಿ. ನಿಕಾಹ್ ಇಲ್ಲೇ.

ಫೆಬ್ರವರಿ 26
ಮಳೆ: 5.50, 9.15, 1.00, ಮತ್ತೆ 4.00.

ಹನ್ನೊಂದು ವರ್ಷದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಬಟ್ಟೆ ಎಷ್ಟು ಹೊತ್ತಿಗೆ ಹಾಕಬೇಕು, ಎಷ್ಟು ಹೊತ್ತಿಗೆ ತೆಗೆಯಬೇಕು ಎಂದು ತಿಳಿಯಲು ದಿನವೂ ಮಳೆಯ ಹೊತ್ತು ಬರೆದಿಟ್ಟದ್ದು. ಜಾಜಾತ್ ಇದನ್ನು "ನಿನ್ನ ಪಂಚಾಂಗ" ಎಂದು ಆಡಿಕೊಳ್ಳುತ್ತಾನೆ.

ಜನವರಿ, ಫೆಬ್ರವರಿ ಮಳೆಗೆ ಹೊತ್ತುಗೊತ್ತಿಲ್ಲ. ಏಪ್ರಿಲ್ ಹಾಗಲ್ಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಗುಡುಗು, ಆಮೇಲೆ ಸುರಿತ. ಏಪ್ರಿಲ್ ಕೊನೆಯ ಹತ್ತು ದಿನ ಮಾತ್ರ ತೆಗೆದುಕೊಂಡೆ. ಹನ್ನೊಂದು ವರ್ಷಕ್ಕೆ ನೂರಹತ್ತು ದಿನ. ಮಧ್ಯಾಹ್ನ ಒಂದು ಗಂಟೆಗಿಂತ ಮೊದಲೇ ಮಳೆ ಬಂದದ್ದು ಒಂಬತ್ತೇ ಸಲ... ಎರಡು ಬಾರಿ ಎಣಿಸಿದೆ.

ಬೀಗಿತಿಗೆ ಫೋನ್ ಮಾಡಿದೆ. ಏಪ್ರಿಲ್ 28, ಭಾನುವಾರ, ನಮ್ಮ ಅಂಗಳದಲ್ಲೇ. ಈದ್ ಕಳೆದಿರುತ್ತದೆ, ತಿಂಗಳೂ ಶುಭ. ಮಧ್ಯಾಹ್ನ ಒಂದರೊಳಗೆ ಒಂದು ಹನಿ ಬಿದ್ದರೂ ಮೊದಲ ಮೊಮ್ಮಗುವಿನ ನಾಮಕರಣ ನಿಮ್ಮ ಹಾಲ್‌ನಲ್ಲಿ, ನಾನು ಬಾಯಿ ಬಿಡುವುದಿಲ್ಲ ಎಂದೆ. ಒಪ್ಪಿದರು. ನಗುತ್ತಲೇ ಒಪ್ಪಿದರು.

ಏಪ್ರಿಲ್ 1
ಮಳೆ: 3.05.

ಮಳೆಯನ್ನು ನಂಬಬಹುದು. ನಮ್ಮ ಜನರನ್ನು? ನಮ್ಮವರ ಗಡಿಯಾರ ರಬ್ಬರಿನದು, ಎಳೆದಷ್ಟೂ ಬರುತ್ತದೆ. ಹನ್ನೊಂದು ಎಂದರೆ ಒಂದಕ್ಕೆ ಹೊರಡುತ್ತಾರೆ. ಆಮೇಲೆ ಮಳೆಗೆ ಬೈಯುತ್ತಾರೆ.

ಖಾಜಿ ಬರುವುದು ಒಂಬತ್ತಕ್ಕೆ. ಆಮಂತ್ರಣದಲ್ಲಿ ನಿಕಾಹ್ ಏಳಕ್ಕೆ ಎಂದು ಹಾಕಿಸಿದೆ. ಊಟ ಒಂಬತ್ತರಿಂದ ಹನ್ನೊಂದು. ಅಡುಗೆಯವರಿಗೆ ಮಾತ್ರ ನಿಜ ಹೇಳಿದೆ: ಊಟ ಶುರುವಾಗುವುದೇ ಹನ್ನೊಂದಕ್ಕೆ. ರಂಜಾನ್ ತಿಂಗಳಲ್ಲಿ ಸುಳ್ಳು — ದೇವರು ಕ್ಷಮಿಸಲಿ. ರಿಂರಿನ್‌ಗೂ ಹೇಳಿಲ್ಲ.

ಏಪ್ರಿಲ್ 26
ಮಳೆ: 11.40. ನಿನ್ನೆ 11.25.

ಸಾಲಾಗಿ ಎರಡು ದಿನ. ಆ ಒಂಬತ್ತು ದಿನಗಳು ಎಲ್ಲಿದ್ದವೋ, ಈಗಲೇ ಬರಬೇಕೇ?

ತಮ್ಮ ಓದಿಂಗ್ ಬಂದು ಪೊರಕೆಕಡ್ಡಿಗೆ ಕೆಂಪು ಮೆಣಸಿನಕಾಯಿ, ಈರುಳ್ಳಿ ಚುಚ್ಚಿ ಅಂಗಳದ ನಾಲ್ಕು ಮೂಲೆಗೂ ನೆಟ್ಟ. ಮಳೆ ತಡೆಯಲು. "ಅಕ್ಕಾ, ಆಕಾಶಕ್ಕೆ ನಿನ್ನ ಪುಸ್ತಕ ಓದಕ್ಕೆ ಬರಲ್ಲ. ಖಾರ ಆದ್ರೆ ಗೊತ್ತಾಗುತ್ತೆ." ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ. ಇವತ್ತು ಬೈಯಲಿಲ್ಲ, ಕೀಳಲೂ ಇಲ್ಲ.

ರಿಂರಿನ್ ಪಕ್ಕ ಕೂತು ಯಾರದೋ ಶರ್ಟು ಮಡಚಿದಳು. "ಒದ್ದೆ ಆದ್ರೆ ಆಗ್ಲಿ ಬಿಡಮ್ಮ. ಒಗೆಯೋಳ ಮಗಳು ನಾನು." ಅಳು ಬಂತು. ಅವಳೆದುರೇ ಅತ್ತುಬಿಟ್ಟೆ.

ಏಪ್ರಿಲ್ 28, ಬೆಳಿಗ್ಗೆ 5.45

ನಿನ್ನೆ ಮಳೆ 2.50ಕ್ಕೆ. ಅಬ್ಬಾ.

ಸಲಾಕ್ ಬೆಟ್ಟ ಬುಡದಿಂದ ತುದಿಯವರೆಗೂ ಕಾಣುತ್ತಿದೆ. ನಿನ್ನೆಯೂ ಕಂಡಿತ್ತು. ಬೇಗ ಮಳೆ ಬಂದ ಎರಡು ದಿನವೂ ಬೆಳಿಗ್ಗೆ ಮಂಜಿನಲ್ಲಿ ಮುಚ್ಚಿಹೋಗಿತ್ತು. ಇದನ್ನು ಪುಸ್ತಕದಲ್ಲಿ ಯಾವತ್ತೂ ಬರೆದಿರಲಿಲ್ಲ... ಯಾರೋ ಕರೆಯುತ್ತಿದ್ದಾರೆ —

ಸಂಜೆ 5.00

ಗೆದ್ದೆ.

ಏಳಕ್ಕೆ ಬನ್ನಿ ಎಂದರೆ ಬೀಗರು ಎಂಟೂ ಐವತ್ತಕ್ಕೆ ಬಂದಿಳಿದರು. ತಡವಾಯಿತೆಂದು ಬೀಗಿತಿ ಕೈ ಹಿಡಿದು ಹತ್ತು ಸಲ ಕ್ಷಮೆ ಕೇಳಿದರು. ಪರವಾಗಿಲ್ಲ ಎಂದೆ, ದೊಡ್ಡ ಮನಸ್ಸಿನವಳ ಹಾಗೆ. ಒಂಬತ್ತಕ್ಕೆ ಸರಿಯಾಗಿ ಖಾಜಿ. ಹುಡುಗ ಒಂದೇ ಉಸಿರಿಗೆ ಕಬೂಲ್ ಎಂದು ಒಪ್ಪಿಗೆ ಹೇಳಿದ, ಎಲ್ಲೂ ತೊದಲಲಿಲ್ಲ. ರಿಂರಿನ್ ನನ್ನ ಕಡೆ ನೋಡಿ ನಕ್ಕಳು.

ಊಟ ಮುಗಿಯುವ ಹೊತ್ತು ಹನ್ನೊಂದು ಎಂದಿತ್ತಲ್ಲ, ಜನ ಹನ್ನೊಂದಕ್ಕೇ ಬಂದರು. ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ ಸಾತೆಗೆ ಗೇಟಿನವರೆಗೆ ಸಾಲು.

ಹನ್ನೆರಡಕ್ಕೆ ಮೋಡ. ಕಪ್ಪಗೆ. ಬೀಗಿತಿ ತಟ್ಟೆ ಹಿಡಿದೇ ಮೇಲೆ ನೋಡಿದರು, ಆಮೇಲೆ ನನ್ನನ್ನು. "ನಿಧಾನವಾಗಿ ಊಟ ಮಾಡಿ ಬೀಗರೇ. ಅದು ಎರಡು ಗಂಟೇದು" ಎಂದೆ. ಒಳಗೆ ಹೋಗಿ ಗಡಿಯಾರ ನೋಡಿ ಬಂದೆ.

12.40. 1.00. ಒಂದು ದಾಟಿತು! ಆದರೂ ಕೂರಲು ಆಗಲಿಲ್ಲ. 1.50ಕ್ಕೆ ಕೊನೆಯ ಜಮಖಾನ ಒಳಗೆ ಬಂತು.

ಮಳೆ: 2.05.

ಸುರಿಯಿತು ನೋಡು, ದೊಡ್ಡ ದೊಡ್ಡ ಹನಿ. ಜಗಲಿಯಲ್ಲಿ ಒತ್ತೊತ್ತಾಗಿ ನಿಂತವರು ಚಪ್ಪಾಳೆ ಹೊಡೆದರು. ಮಳೆಗೋ ನನಗೋ ಗೊತ್ತಿಲ್ಲ, ನಾನೇ ಇಟ್ಟುಕೊಂಡೆ. ಎಲ್ಲವೂ ಮೆಣಸಿನಕಾಯಿ ಮಹಿಮೆ ಎಂದು ಓದಿಂಗ್ ಹೇಳಿಕೊಂಡು ತಿರುಗುತ್ತಿದ್ದಾನೆ. ಹೇಳಲಿ. ಜಾಜಾತ್ ಹತ್ತಿರ ಬಂದು ಮೆಲ್ಲಗೆ, "ಆ ಪುಸ್ತಕಗಳನ್ನ ಕಬ್ಬಿಣದ ಪೆಟ್ಟಿಗೇಲಿಡು. ಇಲಿ ಕಡಿದಾವು" ಎಂದ. ಅವನ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತು ಬರುವುದಿಲ್ಲ.

ಬೀಗಿತಿ ಹೊರಡುವಾಗ ಕಿರಿಯ ಮಗನ ಮದುವೆಗೂ ದಿನ ನೋಡಿಕೊಡಿ ಎಂದರು. ಈ ಸಲ ನಗಲಿಲ್ಲ.

ಮೇ 3, ಶುಕ್ರವಾರ

ರಿಂರಿನ್ ಬುಧವಾರ ಜಕಾರ್ತಾಕ್ಕೆ ಹೋದಳು. ಎರಡು ದಿನ ಏನೂ ಬರೆದಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಈಗ ಫೋನ್ ಮಾಡಿದ್ದಳು. ಹೇಗಿದ್ದೀಯ ಎಂದೂ ಕೇಳಲಿಲ್ಲ. "ಅಮ್ಮಾ, ಇಲ್ಲಿ ಶುರುವಾಯ್ತು. ಬಟ್ಟೆ ಎಲ್ಲಾ ತೆಗ್ದೆ. ಬರ್ಕೋ."

ಏನು ಬರೆದುಕೊಳ್ಳಲಿ ಎಂದೆ.

"ನಮ್ಮನೆ ಮಳೆ."

ಸ್ಕೇಲ್ ಹುಡುಕಿ ತಂದು ಪುಟದ ನಡುವೆ ಗೆರೆ ಎಳೆದೆ. ಇಲ್ಲಿ ಇನ್ನೂ ಹನಿ ಬಿದ್ದಿಲ್ಲ.

ರಿಂರಿನ್ ಮನೆ: 3.10.
ನನ್ನ ಮನೆ: